ತೆಂಗಿನಮರ ಕಡತ ಓದುವುದಿಲ್ಲ

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯದಲ್ಲಿ ಒಂದು ಚೀಲ ತೆಂಗಿನಕಾಯಿ ಜಗಳಕ್ಕೆ ಕಾರಣವಾಯಿತು. ಕಾರವಾರದ ಕಡೆಯ ಸದಸ್ಯರೊಬ್ಬರು ಊರಿಂದ ಹೊತ್ತು ತಂದು ಪ್ರೀತಿಯಿಂದ ಹಂಚಲು ಕುಳಿತಿದ್ದರು. "ಕೈಗಾ ಸೀಮೆಯ ಕಾಯಿ ನಮಗೆ ಬೇಡ ಮಾರಾಯರೆ, ಅದರಲ್ಲಿ ವಿಕಿರಣ ಇರುತ್ತದೆ" ಎಂದರು ಒಬ್ಬರು. "ಸರ್ಕಾರವೇ ಸುರಕ್ಷಿತ ಎಂದಮೇಲೆ ನಿಮ್ಮದೇನು ತಕರಾರು? ಇದೆಲ್ಲ ನಮ್ಮಂಥವರಿಗೆ ತಿಳಿಯುವ ವಿಷಯವಲ್ಲ" ಎಂದರು ಇನ್ನೊಬ್ಬರು. ಇಬ್ಬರ ಕೈಯಲ್ಲೂ ಒಂದೇ ಒಂದು ಅಂಕಿ ಇರಲಿಲ್ಲ. ತಂದವರು ಮುಖ ಸಣ್ಣದು ಮಾಡಿಕೊಂಡು ಚೀಲ ಕಟ್ಟಿದರು.

ನಮಗೆ ಈ ಎರಡು ಮಾತೂ ಒಪ್ಪಿಗೆಯಿಲ್ಲ. ಅದರಲ್ಲೂ ಎರಡನೆಯದು ಹೆಚ್ಚು ಅಪಾಯದ್ದು. ಏಕೆಂಬುದಕ್ಕೆ ಬೇರೊಂದು ಸಮುದ್ರದ ತೆಂಗಿನ ಕತೆ ಕೇಳಬೇಕು.

ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಿಂದ 1946ರಲ್ಲಿ ಅಮೆರಿಕ 167 ಜನರನ್ನು ಎಬ್ಬಿಸಿತು. 1958ರವರೆಗೆ ಅಲ್ಲಿ 23 ಅಣುಸ್ಫೋಟಗಳು ನಡೆದವು. 1968ರಲ್ಲಿ ಅಧ್ಯಕ್ಷ ಜಾನ್ಸನ್ ಅವರು ಜನ ಊರಿಗೆ ಮರಳಬಹುದೆಂದು ಘೋಷಿಸಿದರು. ಹೊಸ ತೆಂಗಿನ ಸಸಿ ನೆಟ್ಟದ್ದಾಯಿತು, ಎಪ್ಪತ್ತರ ದಶಕದ ಆರಂಭದಲ್ಲಿ ಕೆಲವು ಕುಟುಂಬಗಳು ಬಂದು ನೆಲೆಸಿದ್ದೂ ಆಯಿತು. ಮರ ಫಲ ಬಿಟ್ಟಿತು. ಜನ ಎಳನೀರು ಕುಡಿದರು, ಕಾಯಿ ತಿಂದರು. ಅವರ ದೇಹವನ್ನು ಪರೀಕ್ಷಿಸಿದಾಗ ಸೀಸಿಯಂ-137 ಮಿತಿ ಮೀರಿತ್ತು. 1978ರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಮತ್ತೆ ಊರು ಬಿಡಿಸಬೇಕಾಯಿತು.

ಎಡವಿದ್ದೆಲ್ಲಿ? ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಸಿಯಂನ ದಾಯಾದಿ. ಜೇಡಿಮಣ್ಣು ಸೀಸಿಯಮ್ಮನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹವಳದ ಮರಳಿನಲ್ಲಿ ಜೇಡಿಯೂ ಇಲ್ಲ, ಪೊಟ್ಯಾಸಿಯಮ್ಮೂ ಸಾಲದು. ಹಸಿದ ಬೇರು ಪೊಟ್ಯಾಸಿಯಂ ಎಂದುಕೊಂಡು ಸೀಸಿಯಮ್ಮನ್ನೇ ಹೀರಿತು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ವಿಲಿಯಂ ರಾಬಿಸನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅಲ್ಲಿಯ ಮಣ್ಣು, ಎಲೆ, ಕಾಯಿಗಳನ್ನು ಅಳೆದು, ಬುಡಕ್ಕೆ ಪೊಟ್ಯಾಸಿಯಂ ಗೊಬ್ಬರ ಹಾಕಿದರೆ ಕಾಯಿಯ ಸೀಸಿಯಂ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆಂದು ತೋರಿಸಿದರು. ರೈತನಿಗೂ ತಿಳಿಯುವ ವಿಜ್ಞಾನ ಇದು! ನಮಗೆ ತಿಳಿಯುವುದಿಲ್ಲವೆಂದು ಹೇಳಿದವರು ಯಾರು?

ನಾವು ಬಿ.ಎಸ್ಸಿ. ಓದಿ ಕೇಂದ್ರ ಸರ್ಕಾರದ ಗುಮಾಸ್ತಗಿರಿಗೆ ಬಂದವರು. 'ಕ್ರಮ ಕೈಗೊಳ್ಳಲಾಗಿದೆ' ಎಂದು ಷರಾ ಬರೆದು ಕಡತ ಮುಚ್ಚುವುದು ಎಷ್ಟು ಸುಲಭವೆಂದು ಬಲ್ಲೆವು. 'ಸುರಕ್ಷಿತ' ಎಂಬುದೂ ಅಂಥದೇ ಷರಾ ಆಗಬಹುದು. ತೆಂಗಿನಮರ ಕಡತ ಓದುವುದಿಲ್ಲ. ಅದು ಮಣ್ಣಿನಲ್ಲಿದ್ದುದನ್ನು ಹೀರುತ್ತದೆ.

ಹಾಗೆಂದು ಕೈಗಾವನ್ನು ಬಿಕಿನಿ ಎನ್ನುವುದು ಶುದ್ಧ ಸುಳ್ಳು. ಬಾಂಬು ಸಿಡಿದ ನೆಲ ಬೇರೆ, 2000ದಿಂದ ವಿದ್ಯುತ್ತು ಕೊಡುತ್ತಿರುವ ಸ್ಥಾವರ ಬೇರೆ. 'ವಿಕಿರಣ ಇದೆ' ಎಂಬ ಮಾತಿಗೂ ಅಂಕಿಯಿಲ್ಲದೆ ಅರ್ಥವಿಲ್ಲ; ಮುಂಬಯಿ ಮಾರುಕಟ್ಟೆಯ ಕಾಯಲ್ಲೂ, ಬಾಳೆಹಣ್ಣಿನಲ್ಲೂ, ನಮ್ಮ ನಿಮ್ಮ ಮೈಯಲ್ಲೂ ನಿಸರ್ಗದತ್ತವಾದ ಪೊಟ್ಯಾಸಿಯಂ-40 ಇದ್ದೇ ಇದೆ. ಎಷ್ಟು, ಯಾವುದು, ಹಿಂದೆ ಎಷ್ಟಿತ್ತು ಎಂಬುದೇ ಪ್ರಶ್ನೆ. ಈ ಪ್ರಶ್ನೆಗೆಂದೇ ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಕೈಗಾ ಪರಿಸರದ ಮಣ್ಣನ್ನೂ ಗಿಡಮರಗಳನ್ನೂ ಅಳೆದು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ, ಇಂಗ್ಲಿಷಿನಲ್ಲಿ! ಕಾಳಿ ನದಿಯ ದಡದಲ್ಲಿ ಸೊಪ್ಪು ಬೆಳೆದು ತಿನ್ನುವವರು ಅದನ್ನು ಓದುವುದೆಂತು? ಕನ್ನಡದಲ್ಲಿ ಅಂಕಿ ಬಾರದ ಕಡೆ ಗಾಳಿಸುದ್ದಿ ಬರುತ್ತದೆ. ಈಗಂತೂ ಅದು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಬರುತ್ತದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಆ ಊರುಗಳ ಮಣ್ಣು, ನೀರು, ಹಾಲು, ಮೀನು, ಕಾಯಿಗಳ ಲೆಕ್ಕ ಪ್ರತಿವರ್ಷ ಕನ್ನಡದಲ್ಲಿ ಪಂಚಾಯತಿಯ ಗೋಡೆಯ ಮೇಲೆ ಬೀಳಲಿ. ನಾವೂ ಈ ಸಲದ ರಾಜ್ಯೋತ್ಸವದಲ್ಲಿ ಒಂದು ಶಾಲು, ಒಂದು ಹಾರ ಕಡಿಮೆ ಮಾಡಿ, ಇಂಥ ವಿಜ್ಞಾನಿಯೊಬ್ಬರನ್ನು ಕರೆಸಿ ಕನ್ನಡದಲ್ಲಿ ಮಾತಾಡಿಸೋಣ. ಊರಿನ ಕಾಯಿ ತಂದವರು ತಲೆ ತಗ್ಗಿಸಿ ಚೀಲ ಕಟ್ಟುವ ಪ್ರಸಂಗ ನಮ್ಮ ಸಂಘದಲ್ಲಿ ಮತ್ತೆ ಬರಬಾರದು.