ಗಡಿಯೂರಿನಲ್ಲಿ ಸೈಕಲ್ ಸಂಚಾರ

ಕಳೆದ ತಿಂಗಳು ಈ ಪುಟವನ್ನು ಮಟ್ಟುವಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬರೆದಿದ್ದೆವು. ಈ ಸಲದ್ದನ್ನು ಮಂಜೇಶ್ವರದಲ್ಲಿ, ಮಗಳ ಮನೆಯ ಹಿಂದಿನ ತೆಂಗಿನ ನೆರಳಿನಲ್ಲಿ ಕುಳಿತು ಬರೆಯುತ್ತಿರುವೆವು. ಮಾಷ್ಟ್ರು ಊರು ಬಿಟ್ಟರೇ ಎಂದು ವಾಚಕರು ಶಂಕಿಸಬೇಕಾಗಿಲ್ಲ. ಒಂದು ತಿಂಗಳ ಮಟ್ಟಿಗೆ ಬಂದುದಷ್ಟೆ. ಹೊರಡುವಾಗ ನಮ್ಮ ಮನೆಯವರು ಒಂದು ಚೀಲದ ತುಂಬ ಗುಳ್ಳಗಳನ್ನು ಕಟ್ಟಿಕೊಟ್ಟರು. ಶ್ರೀ ವಾದಿರಾಜಸ್ವಾಮಿಗಳು ದಯಪಾಲಿಸಿದ ಬೀಜದಿಂದ ಹುಟ್ಟಿದುದೆಂದು ನಮ್ಮೂರವರು ನಂಬಿರುವ ಆ ತಿಳಿಹಸುರಿನ ಗುಂಡುಬದನೆಗೆ 2011ರಲ್ಲಿ ಭೌಗೋಳಿಕ ಸೂಚಕವೆಂಬ ಸರಕಾರದ ಮುದ್ರೆಯೂ ದೊರೆಯಿತು. ಇಂತಿಷ್ಟು ನೆಲದೊಳಗೆ ಬೆಳೆದುದಕ್ಕೆ ಮಾತ್ರವೇ ಆ ಹೆಸರು ಸಲ್ಲತಕ್ಕದ್ದೆಂದು ಅದರ ಅರ್ಥ. ಬದನೆಗೂ ಒಂದು ಗಡಿಯುಂಟೆಂದಾಯಿತು. ಆದರೆ ಗುಳ್ಳದ ಹುಳಿಗೆ ಗಡಿಯಿಲ್ಲವೆಂಬುದನ್ನು ನಮ್ಮ ಬೀಗಿತ್ತಿಯವರು ಬಂದ ದಿನವೇ ಸಾಧಿಸಿ ತೋರಿಸಿದರು.

ಬಂದ ಕಾರಣವನ್ನು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ. ಇಲ್ಲಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾಲ್ಕನೆಯ ತರಗತಿ. ಆ ಶಾಲೆಯು ನಾಲ್ಕಕ್ಕೇ ಮುಗಿಯುವುದು. ಜೂನ್ ತಿಂಗಳಿನಿಂದ ಅವಳನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಮನೆಯಲ್ಲಿ ತೀರದ ವ್ಯಾಜ್ಯವಾಗಿತ್ತು. ಈ ರಾಜ್ಯದಲ್ಲಿ ಬದುಕಬೇಕಾದವಳಿಗೆ ಮಲಯಾಳ ಮಾಧ್ಯಮವೇ ಹಿತವೆಂದು ಅಳಿಯಂದಿರ ವಾದ. ಗಡಿಯಾಚೆ ಮಂಗಳೂರಿನ ಕಡೆಯ ಇಂಗ್ಲಿಷ್ ಶಾಲೆ ಆಗಬೇಕೆಂದು ಮಗಳ ಆಸೆ. ಕನ್ನಡದಲ್ಲಿಯೇ ಮುಂದುವರಿಸುವುದಾದರೆ ಶಾಲೆ ಮೂರು ಕಿಲೋಮೀಟರು ದೂರ. ಅತ್ತ ಶಾಲೆಯ ವಾಹನ ಬರುವುದಿಲ್ಲ. ಮೂವತ್ತೈದು ವರ್ಷ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿದವರೆಂದು ನಮ್ಮನ್ನು ಪಂಚಾಯಿತಿಗೆ ಕರೆಯಿಸಿಕೊಂಡಿದ್ದರು. ತೀರ್ಪನ್ನಾದರೋ ನಾವು ಕಟಪಾಡಿಯಲ್ಲಿ ಬಸ್ಸು ಹತ್ತುವಾಗಲೇ ಮನಸ್ಸಿನಲ್ಲಿ ಬರೆದಿಟ್ಟಿದ್ದೆವು: ಕನ್ನಡವೇ ಸರಿ, ಮಲಯಾಳದ ಗೊಡವೆಯೇ ಬೇಡ!

ಆದರೆ ಬಂದವರು ಕೂಡಲೆ ತೀರ್ಪು ಕೊಟ್ಟು ಹೊರಟುಬಿಡುವುದು ಬೀಗರ ಮನೆಯಲ್ಲಿ ಶೋಭಿಸುವ ಮಾತಲ್ಲ. ಹೊತ್ತು ಕಳೆಯಲು ನಮಗೊಂದು ಸೈಕಲ್ಲು ಬೇಕಾಯಿತು. ಮಟ್ಟುವಿನಲ್ಲಿ ಪ್ರತಿದಿನ ಬೆಳಗ್ಗೆ, ಎಡಗಡೆ ಹೊಳೆ ಬಲಗಡೆ ಕಡಲು ಇರುವ ಕಿರಿದಾದ ಪಟ್ಟಿಯ ಮೇಲೆ ತೆಂಕಲಿಗೆ ಹೋಗುವುದೂ, ಮೈಯಲ್ಲಿ ಕಸುವಿದ್ದ ದಿನ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನು ಮುಟ್ಟಿ ಮರಳುವುದೂ ನಮ್ಮ ವಾಡಿಕೆ. ಹಿಂದೆ ತರಗತಿಯಲ್ಲಿ ಸೈಕಲ್ಲನ್ನು ದ್ವಿಚಕ್ರವಾಹನವೆಂದು ಬರೆಯಿಸುತ್ತಿದ್ದೆವು. ಈಗ ಆ ದೊಡ್ಡ ಹೆಸರನ್ನು ಮೋಟಾರು ಗಾಡಿಗಳು ಕಸಿದುಕೊಂಡಿವೆ. ಸೈಕಲ್ಲಿಗೆ ಸೈಕಲ್ಲೆಂಬ ಹೆಸರೊಂದೇ ಉಳಿದಿದೆ.

ನೆರೆಮನೆಯ ಬ್ಯಾರಿ ಯುವಕನು ತನ್ನ ಹಳೆಯ ಸೈಕಲ್ಲನ್ನು ತಂದು ಅಂಗಳದಲ್ಲಿ ನಿಲ್ಲಿಸಿದನು. "ಕೊಂಡುಹೋಗಿ ಮಾಷ್ಟ್ರೇ, ಮೂಲೆಯಲ್ಲಿ ತುಕ್ಕು ಹಿಡಿಯುವುದು ಬೇಡ" ಎಂದನು. ಆ ಸೈಕಲ್ಲಿನ ಪೂರ್ವಚರಿತ್ರೆಯನ್ನು ಬೀಗಿತ್ತಿಯವರು ಹೇಳಿದರು. 2020ರ ಮಾರ್ಚಿಯಲ್ಲಿ ಕೊರೊನಾ ಹಬ್ಬಿದಾಗ ಕರ್ನಾಟಕದ ಕಡೆಯಿಂದ ಗಡಿದಾರಿಗಳನ್ನು ಮುಚ್ಚಲಾಯಿತು. ಕೆಲವೆಡೆ ಮಣ್ಣನ್ನೇ ಸುರಿದು ಅಡ್ಡಗಟ್ಟಲಾಯಿತು. ಈ ಊರಿನವರಿಗೆ ಆಸ್ಪತ್ರೆಯೆಂದರೆ ಮಂಗಳೂರು. ಅಲ್ಲಿಗೆ ಹೋಗಲಾರದೆ ಕಾಸರಗೋಡಿನ ಕಡೆಯ ಹಲವು ರೋಗಿಗಳು ತೀರಿಕೊಂಡರೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ದಾರಿಯನ್ನು ತೆರೆಯಿಸಬೇಕೆಂದು ಆಜ್ಞಾಪಿಸಿತು. ವ್ಯವಹಾರವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ದಿನಗಳಲ್ಲಿ ಬೀಗಿತ್ತಿಯವರ ರಕ್ತದೊತ್ತಡದ ಮಾತ್ರೆಗಳು ಮುಗಿದವು. ನಾವು ಮಟ್ಟುವಿನಲ್ಲಿ ದೂರವಾಣಿಯನ್ನು ಕಿವಿಗೊತ್ತಿಕೊಂಡು ಕುಳಿತಿದ್ದೆವೇ ಹೊರತು ಏನೂ ಮಾಡಲಾರದೆ ಹೋದೆವು. ಈ ಹುಡುಗನೇ ಉಪ್ಪಳದವರೆಗೆ ಸೈಕಲ್ ತುಳಿದು, ಎರಡು ಅಂಗಡಿ ಅಲೆದು, ಮಾತ್ರೆಗಳನ್ನು ತಂದುಕೊಟ್ಟನಂತೆ. ಇದನ್ನು ಕೇಳಿದ ಮೇಲೆ ನಾವು ಆ ಸೈಕಲ್ಲನ್ನು ಒರೆಸದೆ ಹತ್ತಿದ ದಿನವಿಲ್ಲ.

ಮೊದಲನೆಯ ಸವಾರಿ ತಲಪಾಡಿಯ ಗಡಿಗೆ. ಇಲ್ಲಿಂದ ಆರೇಳು ಕಿಲೋಮೀಟರು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಹೆದ್ದಾರಿಯನ್ನು ಆರು ಪಥವಾಗಿ ಅಗಲಿಸಿದುದರಿಂದ ಸೈಕಲ್ಲಿನವನು ಪಕ್ಕದ ಸೇವಾರಸ್ತೆಯನ್ನು ಹಿಡಿಯುವುದೇ ಕ್ಷೇಮ. ಕುಂಜತ್ತೂರು, ತೂಮಿನಾಡು ದಾಟಿ ತಲಪಾಡಿ ಮುಟ್ಟಿದೆವು. ಗಡಿಯೆಂದರೆ ಏನೋ ಕಾಣಿಸೀತೆಂದು ನಿರೀಕ್ಷಿಸಿದ್ದವರಿಗೆ ನಿರಾಶೆಯೇ ಸರಿ. ಈಚೆಯ ತೆಂಗಿನ ನೆರಳು ಆಚೆಗೆ ಬಿದ್ದಿತ್ತು. ಫಲಕದ ಲಿಪಿ ಬದಲಾಯಿತು. ಸುಂಕದ ಕಟ್ಟೆ ಕಾಣಿಸಿತು. ಈಚಿನ ವರ್ಷಗಳಲ್ಲಿ ಪೆಟ್ರೋಲಿನ ಬೆಲೆ ಕೇರಳದಲ್ಲಿ ಹೆಚ್ಚಾಗಿರುವುದರಿಂದ ಈಚೆಯವರು ಆಚೆಗೆ ಹೋಗಿ ತುಂಬಿಸಿಕೊಂಡು ಬರುವರು. ನಮ್ಮ ಸೈಕಲ್ಲಿಗೆ ಸುಂಕವೂ ಇಲ್ಲ, ಪೆಟ್ರೋಲೂ ಬೇಡ. ಆಚೆ ಒಂದು ಚಹಾ, ಈಚೆ ಒಂದು ಚಹಾ ಕುಡಿದೆವು. ಆಚೆಯವನು ಮಾಷ್ಟ್ರೇ ಎಂದನು, ಈಚೆಯವನು ಮಾಷೇ ಎಂದನು. ಇಬ್ಬರೂ ಹಾಲಿನ ಬೆಲೆಯನ್ನು ತುಳುವಿನಲ್ಲಿ ಬೈದರು.

ಪೂರ್ವ ಆಫ್ರಿಕದಲ್ಲಿ ಕೆನ್ಯಾ ಮತ್ತು ಉಗಾಂಡಾ ದೇಶಗಳ ನಡುವೆ ಬುಸಿಯಾ ಎಂಬ ಗಡಿಯೂರಿದೆ. ಎರಡು ದೇಶಗಳ ಕಾವಲುಕಟ್ಟೆಗಳ ನಡುವಣ ದಾರಿಯಲ್ಲಿ ಜನರನ್ನು ಸೈಕಲ್ಲಿನ ಹಿಂಬದಿಯಲ್ಲಿ ಕುಳ್ಳಿರಿಸಿ ದಾಟಿಸುವ ಕಸುಬು 1960ರ ದಶಕದಲ್ಲಿ ಆ ಕಡೆ ಬೆಳೆಯಿತು. ಗಡಿ ಎಂಬರ್ಥದ ಇಂಗ್ಲಿಷಿನ ಬಾರ್ಡರ್ ಶಬ್ದವನ್ನು ಎರಡು ಸಲ ಕೂಗಿ ಗಿರಾಕಿಗಳನ್ನು ಕರೆಯುತ್ತಿದ್ದರಂತೆ. ಅದೇ ಸವೆದು 'ಬೋಡಾ ಬೋಡಾ' ಎಂದಾಗಿ, ಈಗ ಆ ನಾಡಿನ ಬಾಡಿಗೆಯ ಮೋಟಾರು ಸೈಕಲ್ಲಿಗೂ ಅದೇ ಹೆಸರಾಗಿದೆ. ಗಡಿಯನ್ನು ಎಳೆದವರು ದೊಡ್ಡ ಮೇಜುಗಳ ಮುಂದೆ ಕುಳಿತವರು. ಅದನ್ನು ದಿನವೂ ದಾಟುವವರು ಸಂತೆಗೂ ಶಾಲೆಗೂ ಹೋಗುವವರು. ಇದು ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ.

ನಮ್ಮ ಗಡಿಯನ್ನು ಎಳೆದುದು 1956ನೆಯ ನವೆಂಬರ್ 1ರಂದು. ಅದುವರೆಗೆ ಉಡುಪಿಯೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳಾಗಿದ್ದವು. ಭಾಷಾವಾರು ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗವು ಕನ್ನಡನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಈ ನ್ಯಾಯಕ್ಕಾಗಿ ಬಾಳೆಲ್ಲ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು, ನಮ್ಮಂತೆಯೇ ಶಾಲೆಯ ಮಾಷ್ಟ್ರು, ನೂರು ವರ್ಷ ತುಂಬಿಸಿ 2015ರಲ್ಲಿ ಕಣ್ಮುಚ್ಚಿದರು. 1997ರಲ್ಲಿ ಉಡುಪಿಯು ಬೇರೆ ಜಿಲ್ಲೆಯಾಯಿತು. ಹೆಜಮಾಡಿಗೂ ಮೂಲ್ಕಿಗೂ ನಡುವೆ ಅಂದಿನಿಂದ ಒಂದು ಗೆರೆಯಿದೆ. ಆದರೆ ಆ ಗೆರೆ ದಾಟಿದವನ ಮಗುವಿನ ಪಾಠದ ಭಾಷೆ ಬದಲಾಗುವುದಿಲ್ಲ. ಗೆರೆಗೂ ಗೆರೆಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಎರಡನೆಯ ಸವಾರಿಯಲ್ಲಿ ಉದ್ಯಾವರವೆಂಬ ಊರನ್ನು ಕಂಡು ಬೆರಗಾದೆವು. ಆಳುಪ ಅರಸರು ಆಳಿದ ಉದ್ಯಾವರವು ಮಟ್ಟುವಿನ ನೆರೆಯಲ್ಲಿಯೇ ಇದೆಯಷ್ಟೆ. ಇಲ್ಲಿಯೂ ಒಂದು ಉದ್ಯಾವರ! ಇಲ್ಲಿಯ ಮಾಡದ ದೈವಗಳ ಉತ್ಸವಕ್ಕೆ ಮುನ್ನ ದೈವಪಾತ್ರಿಗಳು ಮಸೀದಿಗೆ ಹೋಗಿ ಆಮಂತ್ರಣವಿತ್ತು ಬರುವ ಸಂಪ್ರದಾಯವುಂಟು. ಮತ್ತೊಂದು ದಿನ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಾದ 'ಗಿಳಿವಿಂಡು'ವಿಗೆ ಹೋಗಿ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತೆವು. ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲಿ ತೊರೆದು ಹಳಬರ ಕೋಪಕ್ಕೆ ಗುರಿಯಾದವರು ಅವರು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತುದು ಮದರಾಸು ಸರಕಾರ. ಕನ್ನಡದ ಕವಿಯನ್ನು ಗುರುತಿಸಿದುದು ತಮಿಳುನಾಡಿನ ರಾಜಧಾನಿಯಲ್ಲಿ. ಅವರ ಮನೆ ಈಗಿರುವುದು ಕೇರಳದಲ್ಲಿ.

ಅಲ್ಲಿಂದ ಬಂಗ್ರಮಂಜೇಶ್ವರದ ಬಸದಿಗಳನ್ನು ನೋಡಿ ಒಳದಾರಿಯಲ್ಲಿ ಮರಳುವಾಗ ನಮಗೆ ಮಾನಭಂಗವಾಯಿತು. ದಾರಿ ಕವಲೊಡೆದ ಕಡೆ ಒಂದೇ ಫಲಕ, ಅದು ಮಲಯಾಳದಲ್ಲಿ. ಊಹಿಸಿ ಎಡಕ್ಕೆ ತಿರುಗಿ, ಬಹಳ ದೂರ ತುಳಿದು ಹೊಳೆಯ ದಂಡೆಯನ್ನು ಸೇರಿದೆವು. ಚಕ್ರದ ಗಾಳಿಯೂ ಹೋಯಿತು. ತಳ್ಳಿಕೊಂಡು ಬಂದು ಪಂಕ್ಚರ್ ಹಾಕುವವನಲ್ಲಿ ನಿಂತಾಗ ಅವನು, "ಬೋರ್ಡು ಇತ್ತಲ್ಲ ಮಾಷೇ?" ಎಂದು ಕೇಳಿದನು. ಸಂಜೆ ಮನೆಯಲ್ಲಿ ಮೊಮ್ಮಗಳು ಕೈತಟ್ಟಿ, "ಅಜ್ಜನಿಗೆ ಓದಲಿಕ್ಕೆ ಬರುವುದಿಲ್ಲ!" ಎಂದು ಕುಣಿದಳು. ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಒಪ್ಪಿಸಬಲ್ಲವರು ಹೀಗೆ ನಿರಕ್ಷರಕುಕ್ಷಿಗಳಾದೆವು.

ಮರುದಿನದಿಂದ ಅವಳೇ ಗುರುವಾದಳು. ಸ್ಲೇಟು ತಂದು ಅಕ್ಷರ ತೀಡಿಸಿದಳು. ತಪ್ಪಿದರೆ ನಾವು ಹಿಂದೆ ಮಾಡುತ್ತಿದ್ದಂತೆಯೇ ಕಣ್ಣು ಕೆರಳಿಸಿದಳು. ಮೂರನೆಯ ದಿನ ನಮ್ಮ ಕೈ ತಾನಾಗಿ ನಿಂತಿತು. ಈ ದುಂಡು ಅಕ್ಷರಗಳನ್ನು ಎಲ್ಲಿಯೋ ಕಂಡಿದ್ದೆವು. ನಮ್ಮ ಅಜ್ಜನವರ ತಾಳೆಗರಿಯ ಕಟ್ಟುಗಳಲ್ಲಿ! ಉಡುಪಿಯ ಮಠಗಳ ಹಳೆಯ ಸಂಸ್ಕೃತ ಗ್ರಂಥಗಳನ್ನು ಬರೆದ ತಿಗಳಾರಿ ಎಂಬ ತುಳು ಲಿಪಿಯೂ ಮಲಯಾಳ ಲಿಪಿಯೂ ಗ್ರಂಥಲಿಪಿಯ ಸಂತಾನ. ಹಲವು ಅಕ್ಷರಗಳಲ್ಲಿ ಒಡಹುಟ್ಟಿದವರ ಹೋಲಿಕೆ. 2024ರಲ್ಲಿ ಗಣಕಯಂತ್ರದ ಯೂನಿಕೋಡಿನಲ್ಲಿಯೂ ತುಳು–ತಿಗಳಾರಿಗೆ ಸ್ಥಾನ ದೊರೆಯಿತು. ಬಾಲ್ಯದಲ್ಲಿ ಅಜ್ಜನವರು ಅದನ್ನು ಕಲಿಸಲು ಕರೆದಾಗ ತಪ್ಪಿಸಿಕೊಂಡು ಕಡಲ ದಂಡೆಗೆ ಓಡಿದ್ದೆವು. ಇಂದು ಮೊಮ್ಮಗಳು ಹಿಡಿದು ಕುಳ್ಳಿರಿಸಿದ್ದಳು. ಯಾವುದನ್ನು ಪರರ ಅಕ್ಷರವೆಂದು ದೂರವಿಟ್ಟಿದ್ದೆವೋ ಅದು ನಮ್ಮ ಅಜ್ಜನವರ ಅಕ್ಷರದ ನಂಟಿನದಾಗಿತ್ತು.

ಇದರಿಂದ ನಮ್ಮ ತೀರ್ಪಿನ ಅರ್ಧಭಾಗ ಬಿದ್ದುಹೋಯಿತು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದುದು ನ್ಯಾಯವೆಂದೇ ಇಂದಿಗೂ ನಮ್ಮ ಮತ. ಒತ್ತಾಯದಿಂದ ಬಂದುದು ಅಕ್ಷರವಾದರೂ ರುಚಿಸದು. ಕನ್ನಡದಲ್ಲಿ ಕಲಿಯುವುದು ಈ ಮಕ್ಕಳ ಹಕ್ಕು. ಆದರೆ ಹಕ್ಕನ್ನು ಕಾಯುವುದು ಬೇರೆ, ನೆರೆಯವರ ಅಕ್ಷರಕ್ಕೆ ಬೆನ್ನು ತಿರುಗಿಸುವುದು ಬೇರೆ. ಇವೆರಡನ್ನು ಒಂದೆಂದು ಬಗೆದುದು ನಮ್ಮ ದೋಷ. ಮಗು ಕನ್ನಡದಲ್ಲಿ ಕಲಿಯಲಿ, ಮಲಯಾಳವನ್ನು ನಮಗೆ ಕಲಿಸುವಷ್ಟು ಚೆನ್ನಾಗಿ ಓದಲಿ ಎಂದು ಹೇಳಿದೆವು. ಅಳಿಯಂದಿರು ಬಹಳ ಹೊತ್ತು ಸುಮ್ಮನಿದ್ದು, "ತರಗತಿಯಲ್ಲಿ ಹನ್ನೊಂದು ಮಕ್ಕಳು, ಮಾವ. ಮುಂದೆ ಎಷ್ಟು ಮಂದಿ ಉಳಿಯುತ್ತಾರೋ" ಎಂದರು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಗಳು ಮಾತ್ರ, "ಮೂರು ಕಿಲೋಮೀಟರು ಹೋಗುವುದು ಹೇಗೆ ಅಪ್ಪಯ್ಯ?" ಎಂದಳು. ಅದಕ್ಕೆ ಉತ್ತರವು ಅಂಗಳದಲ್ಲಿಯೇ ನಿಂತಿತ್ತು.

ಹೊಸಂಗಡಿಯಲ್ಲಿ ಒಂದು ಚಿಕ್ಕ ಸೈಕಲ್ಲನ್ನು ಕೊಂಡೆವು. ಹತ್ತು ದಿನ ಹಿಂದಿನಿಂದ ಹಿಡಿದುಕೊಂಡು ಓಡಿದೆವು; ಹನ್ನೊಂದನೆಯ ದಿನ ಬಿಟ್ಟುದು ಅವಳಿಗೆ ತಿಳಿಯಲಿಲ್ಲ. ಹೆದ್ದಾರಿಯನ್ನು ದಾಟಬೇಕಾಗದ ಒಳದಾರಿಯೊಂದನ್ನು ನೆರೆಯ ಯುವಕನು ತೋರಿಸಿಕೊಟ್ಟನು. ನಿನ್ನೆ ಬೆಳಗ್ಗೆ ಅವಳು ಮುಂದೆ, ನಾವು ಹಿಂದೆ, ಹೊಸ ಶಾಲೆಯ ಗೇಟಿನವರೆಗೆ ಹೋಗಿ ಬಂದೆವು. ಶಾಲೆ ಸೇರಲು ಇನ್ನೂ ದಿನಗಳಿವೆ. ದಾರಿಯ ಪರಿಚಯವಾದರೂ ಆಗಲೆಂದು. ಮರಳುವಾಗ ಮೊನ್ನೆಯ ಕವಲಿನಲ್ಲಿ ಅವಳು ನಿಂತು, ಫಲಕವನ್ನು ತೋರಿಸಿ, "ಓದಿ ಅಜ್ಜ" ಎಂದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದೆವು: ಮಞ್ಚೇಶ್ವರಂ. ಬರೆಯುವುದು ಚಕಾರ, ಉಚ್ಚರಿಸುವುದು ಜಕಾರ ಎಂದು ಅವಳು ತಿದ್ದಿದಳು. ಬಲಗಡೆಗೆ ತಿರುಗಿ ಮನೆ ಸೇರಿದೆವು.

ಮುಂದಿನ ವಾರ ಮಟ್ಟುವಿಗೆ ಹಿಂತಿರುಗುವೆವು. ಖಾಲಿ ಚೀಲದಲ್ಲಿ ಬೀಗಿತ್ತಿಯವರು ಕುಚ್ಚಲಕ್ಕಿಯ ಹಪ್ಪಳ ತುಂಬಿಸುತ್ತಿದ್ದಾರೆ. ಮೊಮ್ಮಗಳು ಅದರ ಮೇಲೆ ಮಲಯಾಳದ ಒಂದನೆಯ ತರಗತಿಯ ಪಾಠಪುಸ್ತಕವನ್ನು ಇಟ್ಟಿದ್ದಾಳೆ. ಮುಂದಿನ ಸಲ ಬರುವಾಗ ಪರೀಕ್ಷೆ ಉಂಟಂತೆ.