ಆಟವೂ ವಿಜ್ಞಾನವೂ

ಮಧ್ಯಾಹ್ನ ಮೂರು ಗಂಟೆಯ ಬಿಡುವಿನಲ್ಲಿ ಯಾವ ಹೋಟೆಲಿನ ಹಿಂಭಾಗಕ್ಕೆ ಹೋಗಿ ನೋಡಿದರೂ, ದುಡಿದು ದಣಿದ ನಾಲ್ಕಾರು ತರುಣರು ಮೊಬೈಲಿನ ಆಟದಲ್ಲಿ ಮಗ್ನರಾಗಿರುವುದು ಕಾಣುತ್ತದೆ. ಗಲ್ಲಾದ ಮೇಲೆ ಕುಳಿತಿದ್ದ ಕಾಲದಲ್ಲಿ ನಾವೂ ಅವರನ್ನು ಗದರಿಸಿದ್ದುಂಟು. ಒಮ್ಮೆ ಒಬ್ಬನ ಫೋನನ್ನು ಕಸಿದು ರಾತ್ರಿಯವರೆಗೆ ಮೇಜಿನ ಖಾನೆಯಲ್ಲಿಟ್ಟದ್ದೂ ಉಂಟು. ಅದು ತಪ್ಪಾಯಿತೆಂದು ಇಂದು ತೋರುತ್ತದೆ. ಆ ಕೈಗೆ ಇದಕ್ಕಿಂತ ಒಳ್ಳೆಯ ಆಟವೊಂದನ್ನು ಕೊಡಲು ನಮ್ಮಲ್ಲಿ ಏನಿತ್ತು?

ಒಳ್ಳೆಯ ಆಟವೆಂದರೆ ಎಂಥದು ಎಂಬುದಕ್ಕೆ ನಿದರ್ಶನವೊಂದಿದೆ. ಅಮೆರಿಕದ ಪ್ರಸಿದ್ಧ ಎಂಐಟಿ ಸಂಸ್ಥೆಯಲ್ಲಿ, ಸಿಂಗಪುರದ ಸಹಯೋಗದಿಂದ ನಡೆದ ಗ್ಯಾಂಬಿಟ್ ಎಂಬ ಆಟಗಳ ಪ್ರಯೋಗಶಾಲೆಯೊಂದಿತ್ತು. ಬೇಸಿಗೆಯಲ್ಲಿ ಸಿಂಗಪುರದ ವಿದ್ಯಾರ್ಥಿಗಳು ಅಲ್ಲಿಗೆ ಬಂದು, ಅಲ್ಲಿನ ವಿದ್ಯಾರ್ಥಿಗಳೊಡನೆ ಕಲೆತು ಆಟಗಳನ್ನು ರಚಿಸುತ್ತಿದ್ದರು. ಭೌತಶಾಸ್ತ್ರದ ಅಧ್ಯಾಪಕರಾದ ಗೆರ್ಡ್ ಕೊರ್ಟೆಮೇಯರ್ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ 'ಎ ಸ್ಲೋವರ್ ಸ್ಪೀಡ್ ಆಫ್ ಲೈಟ್' ಎಂಬ ಆಟ 2012ರಲ್ಲಿ ಬೆಳಕಿಗೆ ಬಂದಿತು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಮುಂಬಯಿಯಿಂದ ಮಂಗಳೂರಿಗೆ ನಮ್ಮ ರೈಲು ಒಂದು ರಾತ್ರಿಯನ್ನೇ ನುಂಗುತ್ತದೆ. ಬೆಳಕಾದರೋ ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಬಾರಿ ಹೋಗಿ ಬರಬಲ್ಲದು. ಆದುದರಿಂದಲೇ ಸಾಪೇಕ್ಷತಾ ಸಿದ್ಧಾಂತದ ವಿಚಿತ್ರಗಳು ನಮ್ಮ ನಿತ್ಯದ ಓಡಾಟದಲ್ಲಿ ಕಾಣಸಿಗವು. ಈ ಆಟದಲ್ಲಿ ಮಗುವೊಂದು ಬಯಲಿನಲ್ಲಿ ಅಲೆಯುತ್ತ ನೂರು ಗೋಲಗಳನ್ನು ಆಯಬೇಕು. ಒಂದೊಂದನ್ನು ಆಯ್ದಂತೆ ಬೆಳಕಿನ ವೇಗ ಕುಗ್ಗುತ್ತ, ಕೊನೆಗೆ ಕಾಲುನಡಿಗೆಯ ವೇಗದ ಸಮೀಪಕ್ಕೆ ಇಳಿಯುತ್ತದೆ. ಆಗ ಬಣ್ಣಗಳು ಬದಲಾಗುತ್ತವೆ, ಎದುರಿನ ದೃಶ್ಯ ಜಾಜ್ವಲ್ಯವಾಗುತ್ತದೆ, ವಸ್ತುಗಳ ಆಕಾರ ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣದ ಕಿರಣಗಳೂ ಗೋಚರಕ್ಕೆ ಬರುತ್ತವೆ. ಆಟವನ್ನು ಉಚಿತವಾಗಿ ಕೊಟ್ಟುದಲ್ಲದೆ, ಅದನ್ನು ರಚಿಸಿದ ಸಲಕರಣೆಯನ್ನೂ ಲೋಕಕ್ಕೆ ಧಾರೆಯೆರೆದ ಔದಾರ್ಯ ಶ್ಲಾಘನೀಯ.

ಕಲ್ಪನೆ ಹಳೆಯದೇ. 1940ರ ಸುಮಾರಿಗೆ ವಿಜ್ಞಾನಿ ಜಾರ್ಜ್ ಗ್ಯಾಮೊವ್ ಬರೆದ ಟಾಂಪ್ಕಿನ್ಸ್ ಎಂಬವನ ಕಥೆಯಲ್ಲಿ, ಬೆಳಕು ಮೆಲ್ಲನೆ ಚಲಿಸುವ ಊರಿನಲ್ಲಿ ಕಥಾನಾಯಕ ಸೈಕಲ್ ಏರಿ ಹೋಗುತ್ತಾನೆ. ಅವನು ಬ್ಯಾಂಕಿನ ಗುಮಾಸ್ತ! ಸಿದ್ಧಾಂತವನ್ನು 1905ರಲ್ಲಿ ಕೊಟ್ಟ ಐನ್‌ಸ್ಟೈನರೂ ಆಗ ಸ್ವಿಟ್ಜರ್ಲೆಂಡಿನ ಪೇಟೆಂಟ್ ಕಚೇರಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವರು. ಕಡತಗಳ ನಡುವೆ ದಿನ ಕಳೆಯುವ ನಮ್ಮ ವಾಚಕ ಮಿತ್ರರು ಇದನ್ನು ಗಮನಿಸಬೇಕು.

ಪ್ರಶ್ನೆಪತ್ರಿಕೆಗೆ ಗಂಟೆ ಜಾಗಟೆ ಕಟ್ಟಿ, ಸರಿಯುತ್ತರಕ್ಕೊಂದು ನಕ್ಷತ್ರ ಕೊಡುವುದನ್ನೇ ವಿದ್ಯೆಯ ಆಟವೆಂದು ಮಾರುವವರು ಇಂದು ಅನೇಕರಿದ್ದಾರೆ. ಅದು ಬಾಯಿಪಾಠವೇ. ವಿಜ್ಞಾನವನ್ನು ಬಾಯಿಪಾಠ ಮಾಡಿ ಎಸ್ಸೆಸ್ಸೆಲ್ಸಿ ದಾಟಿದ ನಮಗೆ ಅದರ ಫಲ ಚೆನ್ನಾಗಿ ಗೊತ್ತು. ಊರಿನ ಚೆನ್ನೆಮಣೆಯನ್ನು ನೆನೆಯಿರಿ: ಅದರಲ್ಲಿ ಲೆಕ್ಕದ ಪಾಠವನ್ನು ಯಾರೂ ಹೇಳುವುದಿಲ್ಲ, ಆದರೆ ಲೆಕ್ಕವಿಲ್ಲದೆ ಗೆಲ್ಲಲಾಗದು. ಎಂಐಟಿಯ ಆಟದಲ್ಲೂ ಪ್ರಕೃತಿಯ ನಿಯಮವೇ ಆಟದ ನಿಯಮ.

ಆದರೆ ಅದು ಕಂಪ್ಯೂಟರಿಗಾಗಿ ಮಾಡಿದ್ದು, ಭಾಷೆ ಇಂಗ್ಲಿಷು. ನಮ್ಮ ಹುಡುಗರಿಗೆ ದಕ್ಕುವುದು ಹೇಗೆ? ಹೋಟೆಲಿಗರ, ಗುಮಾಸ್ತರ ಮಕ್ಕಳು ಇಂದು ಮುಂಬಯಿ, ಪುಣೆಗಳಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾರೆ. ಕೊನೆಯ ವರ್ಷದಲ್ಲಿ ಅವರು ಪ್ರಾಜೆಕ್ಟ್ ಒಂದನ್ನು ಮಾಡಿ ಒಪ್ಪಿಸಬೇಕು. ಅದು ರಟ್ಟು ಕಟ್ಟಿಸಿಕೊಂಡು ಕಪಾಟು ಸೇರುತ್ತದೆ. (ಹಣ ತೆತ್ತು ಸಿದ್ಧ ಪ್ರಾಜೆಕ್ಟ್ ತರುವವರೂ ಇದ್ದಾರೆಂದು ಕೇಳಿದ್ದೇವೆ.) ಆ ಶ್ರಮವನ್ನು ಕನ್ನಡದ ಒಂದು ಆಟಕ್ಕೆ ಏಕೆ ವಿನಿಯೋಗಿಸಬಾರದು?

ವಸ್ತುವಿಗಾಗಿ ದೂರ ಹೋಗಬೇಕಿಲ್ಲ. ನಮ್ಮ ಅಡುಗೆಮನೆಯೇ ಪ್ರಯೋಗಶಾಲೆ. ದೋಸೆಯ ಭಟ್ಟರು ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುತ್ತಾರೆ. ಸಾಧಾರಣ ಕಾವಿಗೆ ನೀರು ಚುಂಯ್ ಎಂದು ಆರಿಹೋಗುತ್ತದೆ. ಕಾವು ಮಿತಿಮೀರಿದರೆ ಹನಿ ಆರುವ ಬದಲು ಮಣಿಯಂತೆ ಉರುಳಾಡುತ್ತದೆ. ತನ್ನದೇ ಹಬೆಯ ಹಾಸಿನ ಮೇಲೆ ಅದು ತೇಲುತ್ತಿರುವುದೇ ಕಾರಣ. 1756ರಲ್ಲಿ ಇದನ್ನು ವರ್ಣಿಸಿದ ಜರ್ಮನ್ ವೈದ್ಯ ಲೈಡನ್‌ಫ್ರಾಸ್ಟನ ಹೆಸರು ಈ ಚಮತ್ಕಾರಕ್ಕಿದೆ. ಇನ್ನು ಇಡ್ಲಿಯ ಹಿಟ್ಟು: ಕಣ್ಣಿಗೆ ಕಾಣದ ಜೀವಾಣುಗಳು ಅಂಗಾರಾಮ್ಲ ಅನಿಲವನ್ನು ಬಿಟ್ಟು ಅದನ್ನು ಉಬ್ಬಿಸುತ್ತವೆ. ಮುಂಬಯಿಯ ಮೇ ತಿಂಗಳಲ್ಲಿ ಅದು ಪಾತ್ರೆ ಮೀರಿ ಹುಳಿಯುತ್ತದೆ, ದಿಲ್ಲಿಯ ಜನವರಿಯಲ್ಲಿ ಬೆಳಗಾದರೂ ಏಳುವುದಿಲ್ಲ. ಕಾವು, ಹೊತ್ತು, ಬೇಳೆಯ ಪ್ರಮಾಣ ಇವನ್ನು ಆಡುವವನ ಕೈಗೆ ಕೊಟ್ಟು, ಬೆಳಗಿನ ಆರಕ್ಕೆ ಗಿರಾಕಿ ಬರುವುದರೊಳಗೆ ಹಿಟ್ಟು ಹದಕ್ಕೆ ಬರಬೇಕೆಂದು ನಿಯಮ ಮಾಡಿದರೆ, ಅದಕ್ಕಿಂತ ರೋಚಕವಾದ ಪಂದ್ಯ ನಮಗಂತೂ ತೋರದು.

ನಮ್ಮ ಸಂಘಸಂಸ್ಥೆಗಳು ವರ್ಷಂಪ್ರತಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಬಹುಮಾನ ನೀಡುತ್ತವೆ. ಅದರಲ್ಲೊಂದನ್ನು ಇಂಥ ಆಟಕ್ಕಾಗಿ ಮೀಸಲಿಡಬೇಕೆಂದು ಸಂಘಗಳ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ. ಆಟ ಗೆದ್ದಿತೋ ಸೋತಿತೋ ಎಂಬ ತೀರ್ಪು ಮಾತ್ರ ಸಭೆಯ ಗಣ್ಯರದಾಗದೆ, ಮೂರು ಗಂಟೆಯ ಬಿಡುವಿನಲ್ಲಿ ಅದನ್ನು ಆಡಿನೋಡಿದ ಹೋಟೆಲ್ ಕಾರ್ಮಿಕರದಾಗಿರಲಿ. ಕೈಹಚ್ಚುವ ವಿದ್ಯಾರ್ಥಿಗಳು ಈ ಕಚೇರಿಗೆ ಪತ್ರ ಬರೆದರೆ, ಹಿಟ್ಟು ರುಬ್ಬುವ ಹೊತ್ತಿಗೆ ಅವರನ್ನು ಒಳಗೆ ಬಿಡುವ ಹೋಟೆಲೊಂದನ್ನು ಗೊತ್ತುಮಾಡಿಕೊಡುವ ಹೊಣೆ ನಮ್ಮದು.