ಮಾರುವೇಷದ ಗಿರಾಕಿ
ಕಪ್ಪತಗುಡ್ಡದ ಮಗ್ಗುಲಿನ ನಮ್ಮ ಮುಂಡರಗಿಯಂತಹ ಊರಿನಲ್ಲಿ ಗಾಂಜಾ ಮಾರುವವನೊಬ್ಬನನ್ನು ಹಿಡಿಯಲೋಸುಗ ಪೊಲೀಸರು ಮಾರುವೇಷದ ಗಿರಾಕಿಯನ್ನು ಕಳುಹಿ, ಅವನ ಕೈಗಿತ್ತ ನೋಟುಗಳ ನಂಬರುಗಳನ್ನು ಪಂಚರೆದುರಿಗೆ ಮೊದಲೇ ಬರೆದಿರಿಸಿ, ಸನ್ನೆಯಾದೊಡನೆ ದಾಳಿಯಿಟ್ಟು, ಅವೇ ನೋಟುಗಳನ್ನು ಮಾರಿದವನ ಕಿಸೆಯಿಂದ ಹೊರತೆಗೆದರೆ ಅಪರಾಧವು ಸಿದ್ಧವಾಯಿತೆಂದು ಜನರು ಭಾವಿಸುವುದು ಸಹಜವಾದರೂ, ನ್ಯಾಯಾಲಯದ ದೃಷ್ಟಿಯಲ್ಲಿ ಅದು ಆರಂಭ ಮಾತ್ರವೇ ಆಗಿದೆ. ಗೆಜೆಟೆಡ್ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿಯೇ ತನ್ನ ಮೈ ಶೋಧಿಸಬೇಕೆಂದು ಕೇಳುವ ಹಕ್ಕು ಆರೋಪಿಗುಂಟೆಂಬುದನ್ನು ಅವನಿಗೆ ಮೊದಲು ತಿಳಿಸತಕ್ಕದ್ದೆಂದು 1985ರ ಮಾದಕ ದ್ರವ್ಯಗಳ ಕಾಯಿದೆಯ 50ನೆಯ ಕಲಮು ವಿಧಿಸುತ್ತದೆ. ಹಾಗೆ ತಿಳಿಸದೆ ಮೈಮೇಲಿಂದ ತೆಗೆದ ಮಾಲನ್ನೇ ನೆಚ್ಚಿ ಶಿಕ್ಷಿಸಲಾಗದೆಂದು 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಸಾರಿತು. ತೂಕವೂ ಅಲಕ್ಷ್ಯಕ್ಕೆ ಯೋಗ್ಯವಲ್ಲ: 1 ಕಿಲೋವರೆಗಿನ ಗಾಂಜಾಕ್ಕೆ ಹೆಚ್ಚೆಂದರೆ 1 ವರ್ಷದ ಸೆರೆ, 20 ಕಿಲೋ ಮೀರಿದರೆ ಕನಿಷ್ಠ 10 ವರ್ಷ. ನನಗಂತೂ ಎಲ್ಲಕ್ಕಿಂತ ಮುಖ್ಯವೆನಿಸುವುದು ಆ ಗಿರಾಕಿಯ ಸಾಕ್ಷ್ಯ. ಮಾರುವ ಮನಸ್ಸು ಮೊದಲೇ ಇದ್ದಿತೋ, ಅಥವಾ ಇವನೇ ಬಡ ಹುಡುಗನೊಬ್ಬನನ್ನು ಬೆನ್ನುಬಿದ್ದು ಮಾರುವಂತೆ ಮಾಡಿದನೋ ಎಂಬುದನ್ನು ಪಾಟೀಸವಾಲಿಗೆ ಅಂಜದೆ ಕಟಕಟೆಯಲ್ಲಿ ನಿಂತು ಅವನೇ ಹೇಳಬೇಕಲ್ಲದೆ, ಪಂಚನಾಮೆಯ ಹಾಳೆಯು ಅವನ ಪರವಾಗಿ ಹೇಳಲಾರದು.